ಅಜ್ಜನ ಹುಲ್ಲು ಆಕಾಶದಿಂದ ಕಾಣುತ್ತದೆಯಾ? ಯೂರೋಪಿನ ಉಪಗ್ರಹಗಳ ಬಗ್ಗೆ ಗೊತ್ತಿದ್ದವರು ಹೇಳಿ

ಬೇಣದ_ಮಾಣಿ (ಊರು ಸಾಗರ, ಈಗ ಬವೇರಿಯಾ)

ಎಲ್ಲರಿಗೂ ನಮಸ್ಕಾರ. ನಾನು ಮ್ಯೂನಿಕ್‌ನಿಂದ ಒಂದು ಗಂಟೆ ದೂರದ ಹಳ್ಳಿಯಲ್ಲಿ ಬಾಡಿಗೆಗೆ ಇದ್ದೇನೆ. ಮನೆ ಓನರ್ ಎಪ್ಪತ್ತು ದಾಟಿದ ಅಜ್ಜ. ಹದಿನೈದು ದನ, ಒಂದು ಹಳೇ ಟ್ರ್ಯಾಕ್ಟರ್, ಸ್ವಲ್ಪ ಹುಲ್ಲುಗಾವಲು. ನಮ್ಮ ಕಡೆ ಬೇಣ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ನಿನ್ನೆ ಸಂಜೆ ಅಜ್ಜ ಮೊಬೈಲ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ನೀನು ಕಂಪ್ಯೂಟರಿನವನಲ್ವಾ, ಇದೇನು ನೋಡು" ಅಂದರು. ಸಬ್ಸಿಡಿ ಕೊಡುವ ಆಫೀಸಿನ ಆ್ಯಪ್‌ನಲ್ಲಿ ಒಂದು ಮೆಸೇಜ್. ಹಳ್ಳದ ಪಕ್ಕದ ತುಂಡಿನಲ್ಲಿ ಈ ವರ್ಷ ಹುಲ್ಲು ಕೊಯ್ದ ಗುರುತು ಉಪಗ್ರಹದ ಚಿತ್ರದಲ್ಲಿ ಸಿಕ್ಕಿಲ್ಲ, ಜಾಗಕ್ಕೆ ಹೋಗಿ ಫೋಟೋ ತೆಗೆದು ಕಳಿಸಿ ಅಂತ. ಅಜ್ಜನಿಗೆ ಕೆಂಡದಂಥ ಸಿಟ್ಟು. ಜೂನ್ ಕೊನೆಗೆ ಕೊಯ್ದಾಗಿದೆ. ಒಣಗಿದ ಹುಲ್ಲನ್ನು ಅಟ್ಟಕ್ಕೆ ಏರಿಸುವಾಗ ನಾನೇ ಕೈ ಹಚ್ಚಿದ್ದೇನೆ, ಎರಡು ದಿನ ಮೈಯೆಲ್ಲ ತುರಿಸಿಕೊಂಡಿದ್ದೇನೆ.

ಒಂದೆಕರೆಯೂ ಇಲ್ಲದ ಜಾಗದ ಹುಲ್ಲು ಅಷ್ಟು ಮೇಲಿಂದ ನಿಜಕ್ಕೂ ಕಾಣುತ್ತದೆಯಾ? ಕಾಣುವುದಾದರೆ ಕೊಯ್ದದ್ದು ಯಾಕೆ ಕಾಣಲಿಲ್ಲ? ಮತ್ತೆ ಇನ್ನೊಂದು. ಇಲ್ಲಿ ತೆರಿಗೆ ಕಟ್ಟುವ ನಮ್ಮಂಥವರಿಗೆ ಈ ಉಪಗ್ರಹಗಳಿಂದ ದಿನನಿತ್ಯಕ್ಕೆ ಏನು ಉಪಯೋಗ? ಅಜ್ಜನ ಪ್ರಕಾರ ರೈತರನ್ನು ಹಿಡಿಯಲಿಕ್ಕೆ ಮಾತ್ರ.

ಸುಮ್ನೆ_ಶೆಟ್ಟಿ (ಮಂಗಳೂರು)

ಮಾರಾಯ್ರೆ, ಹುಲ್ಲು ಕಾಣುವ ಉಪಗ್ರಹಕ್ಕೆ ನಮ್ಮ ಮನೆ ಎದುರಿನ ರಸ್ತೆಯ ಹೊಂಡ ಕಾಣುವುದಿಲ್ಲವಾ?

ಚೌಕುಳಿ_ಪಾಟೀಲ (ಧಾರವಾಡ, ಈಗ ಎನ್‌ಸ್ಕೆಡೆ)

ಮಾಣಿಯವರೇ, ಕಾಣುತ್ತದೆ. ಆದರೆ ನಮ್ಮ ಕಣ್ಣಿಗೆ ಕಂಡ ಹಾಗೆ ಅಲ್ಲ. ನನ್ನ ಹೊಟ್ಟೆಪಾಡು ಇದೇ ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಇದನ್ನು ನೋಡುವುದು ಸೆಂಟಿನೆಲ್-2 ಎಂಬ ಉಪಗ್ರಹಗಳು. ಭೂಮಿಯನ್ನು ಮೇಲಿಂದ ಗಮನಿಸುವ ಯೂರೋಪಿನ ಕೋಪರ್ನಿಕಸ್ ಯೋಜನೆಯವು. ಮೊದಲನೆಯದು ಹಾರಿದ್ದು 2015ರ ಜೂನ್‌ನಲ್ಲಿ. 786 ಕಿ.ಮೀ. ಮೇಲೆ ತಿರುಗುತ್ತವೆ. ಎರಡು ಸೇರಿ ಒಂದೇ ಜಾಗಕ್ಕೆ ಐದು ದಿನಕ್ಕೊಮ್ಮೆ ಬರುತ್ತವೆ. ಯೂರೋಪಿನಲ್ಲಿ ಒಂದು ಪಟ್ಟಿ ಇನ್ನೊಂದರ ಮೇಲೆ ಬೀಳುವುದರಿಂದ ಎಷ್ಟೋ ಕಡೆ ಎರಡು ಮೂರು ದಿನಕ್ಕೇ ಚಿತ್ರ ಸಿಗುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ನುಂಗುತ್ತದೆ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಎಸೆಯುತ್ತದೆ. ಈ ಎರಡನ್ನೂ ಅಳೆದು ಒಂದು ಅಂಕಿ ತೆಗೆಯುತ್ತಾರೆ, ಎನ್‌ಡಿವಿಐ ಅಂತ ಅದರ ಹೆಸರು. ಹುಲ್ಲು ಬೆಳೆಯುತ್ತಾ ಹೋದಂತೆ ಅಂಕಿ ಏರುತ್ತದೆ. ಕೊಯ್ದ ದಿನ ದಪ್ಪನೆ ಬೀಳುತ್ತದೆ. ಗ್ರಾಫ್ ನೋಡಿದರೆ ನಡುವೆ ಒಂದು ಹಲ್ಲು ಉದುರಿದ ಹಾಗೆ ಇರುತ್ತದೆ. ಕಂಪ್ಯೂಟರ್ ಹುಡುಕುವುದು ಆ ಉದುರಿದ ಹಲ್ಲನ್ನು.

ಈಗ ಅಜ್ಜನ ಸಮಸ್ಯೆ. ಸೆಂಟಿನೆಲ್-2ರ ಚಿತ್ರ ಚೌಕುಳಿ ಟವೆಲ್ ಇದ್ದ ಹಾಗೆ. ಒಂದೊಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ಚೌಕದ ಒಳಗೆ ಏನಿದ್ದರೂ ಎಲ್ಲ ಕಲಸಿ ಒಂದೇ ಬಣ್ಣ. ನಿಮ್ಮ ತುಂಡಿನ ಅಗಲ ಎಷ್ಟು? ಹಳ್ಳದ ಪಕ್ಕ ಅಂದಿರಿ. ದಂಡೆಯಲ್ಲಿ ಮರ ಇದೆಯಾ?

ಶೆಟ್ರೇ, ನಿಮ್ಮ ಹೊಂಡ 10 ಮೀಟರ್ ಆಗುವವರೆಗೆ ಕಾಯಿರಿ.

ಬೇಣದ_ಮಾಣಿ

ಅಗಲ ಹೆಚ್ಚೆಂದರೆ 18 ಮೀಟರ್. ಹಳ್ಳದ ಉದ್ದಕ್ಕೂ ಆಲ್ಡರ್ ಮರಗಳ ಸಾಲು. ಮಧ್ಯಾಹ್ನ ಅರ್ಧ ಜಾಗಕ್ಕೆ ಅದರದ್ದೇ ನೆರಳು.

ಚೌಕುಳಿ_ಪಾಟೀಲ

ಸಿಕ್ಕಿತು ನೋಡಿ. ಪೂರ್ತಿ ಹುಲ್ಲೇ ಇರುವ ಚೌಕ ಆ ತುಂಡಿನಲ್ಲಿ ಒಂದು ಸಾಲು ಸಿಕ್ಕರೆ ಪುಣ್ಯ. ಉಳಿದ ಚೌಕಗಳಲ್ಲಿ ಅರ್ಧ ಮರ, ಅರ್ಧ ಹುಲ್ಲು. ಅಜ್ಜ ಹುಲ್ಲು ಬೋಳಿಸಿದರೂ ಮರದ ಹಸಿರು ಹಾಗೇ ಇರುತ್ತದೆ, ಅಂಕಿ ಬೀಳುವುದೇ ಇಲ್ಲ. ಕೊಯ್ದ ವಾರ ಮೋಡ ಬೇರೆ ಇದ್ದರೆ ಮುಗಿಯಿತು. ಮೋಡ ಸರಿಯುವ ಹೊತ್ತಿಗೆ ಹುಲ್ಲು ಮತ್ತೆ ಚಿಗುರಿರುತ್ತದೆ.

ಅದಕ್ಕೇ ಆಫೀಸಿನವರು ದಂಡ ಹಾಕದೆ ಫೋಟೋ ಕೇಳಿದ್ದು. ಇದು ಅಜ್ಜನ ಮೇಲಿನ ಆರೋಪ ಅಲ್ಲ. "ನಮಗೆ ಗೊತ್ತಾಗುತ್ತಿಲ್ಲ, ನೀವೇ ತೋರಿಸಿ" ಅಂತ ಅಷ್ಟೇ. ಮೊದಲು ನೂರರಲ್ಲಿ ಐದು ರೈತರ ಜಮೀನಿಗೆ ಇನ್ಸ್‌ಪೆಕ್ಟರ್ ಟೇಪ್ ಹಿಡಿದು ಬರುತ್ತಿದ್ದರು. 2023ರಿಂದ ಯೂರೋಪಿಯನ್ ಒಕ್ಕೂಟದ ಎಲ್ಲ ದೇಶಗಳೂ ಉಪಗ್ರಹದಿಂದ ಜಮೀನು ನೋಡುವ ವ್ಯವಸ್ಥೆ ಇಟ್ಟುಕೊಳ್ಳಲೇಬೇಕು. ತಪ್ಪಿದ್ದರೆ ಅರ್ಜಿ ತಿದ್ದಿಕೊಳ್ಳಲಿಕ್ಕೆ ರೈತರಿಗೂ ಅವಕಾಶ ಇದೆ.

ನೇರನುಡಿ

ಅಂದರೆ ಮೊದಲು ನೂರರಲ್ಲಿ ಐದು ಜನರನ್ನು ಕಾಯುತ್ತಿದ್ದರು, ಈಗ ನೂರಕ್ಕೆ ನೂರು. ಅಜ್ಜ ಹೇಳಿದ್ದು ಸರಿ ಅಲ್ವಾ? ಕೆಲಸ ಉಪಗ್ರಹದ್ದು, ಫೋಟೋ ಹೊಡೆಯುವ ಕೂಲಿ ಮಾತ್ರ ರೈತನದ್ದು.

ಪ್ಯಾರಿಸ್_ಪುಟ್ಟಕ್ಕ

ರೈತರನ್ನು ಮಾತ್ರ ಅಲ್ಲ ನೇರನುಡಿಯವರೇ. ಫ್ರಾನ್ಸ್‌ನಲ್ಲಿ ಲೆಕ್ಕಕ್ಕೆ ಕೊಡದೆ ಕಟ್ಟಿಸಿದ ಈಜುಕೊಳಗಳನ್ನೂ ಉಪಗ್ರಹದಿಂದ ಹಿಡಿದರು. 2022ರಲ್ಲಿ ದೊಡ್ಡ ಸುದ್ದಿ. ಒಂಬತ್ತು ಜಿಲ್ಲೆಗಳಲ್ಲಿ 20,000ಕ್ಕೂ ಜಾಸ್ತಿ ಕೊಳ ಸಿಕ್ಕಿ, ಸುಮಾರು 1 ಕೋಟಿ ಯೂರೋ ತೆರಿಗೆ ಬಂತು. ನಮ್ಮ ಆಫೀಸಿನಲ್ಲಿ ಒಬ್ಬಳ ಮುಖ ಒಂದು ವಾರ ಬಾಡಿತ್ತು. ಯಾಕೆ ಅಂತ ನಾವು ಕೇಳಲಿಲ್ಲ.

ಚೌಕುಳಿ_ಪಾಟೀಲ

ಅಕ್ಕ, ಸುದ್ದಿ ನಿಜ, ಉಪಗ್ರಹ ಅನ್ನುವುದು ಮಾತ್ರ ತಪ್ಪು. ಅದು ವಿಮಾನದಿಂದ ತೆಗೆದ ಫೋಟೋ. ಅಲ್ಲಿನ ನಕ್ಷೆ ಇಲಾಖೆ ವಿಮಾನ ಹಾರಿಸಿ ತೆಗೆದಿಟ್ಟಿದ್ದ ಚಿತ್ರಗಳಲ್ಲಿ ಎಐ ಬಳಸಿ ಕೊಳ ಹುಡುಕಿದರು. ಮನೆ ಹಿಂದಿನ ಕೊಳ ಸೆಂಟಿನೆಲ್‌ನಲ್ಲಿ ಅರ್ಧ ಚೌಕವೂ ಆಗುವುದಿಲ್ಲ. ಪೇಪರಿನವರು ಮೇಲಿಂದ ತೆಗೆದದ್ದೆಲ್ಲ ಉಪಗ್ರಹ ಅಂತ ಬರೆದುಬಿಡುತ್ತಾರೆ.

ಪ್ಯಾರಿಸ್_ಪುಟ್ಟಕ್ಕ

ಅಯ್ಯೋ ಹೌದಾ! ಮೂರು ವರ್ಷದಿಂದ ಎಲ್ಲರಿಗೂ ಉಪಗ್ರಹ ಅಂತಲೇ ಹೇಳುತ್ತಾ ಬಂದಿದ್ದೇನೆ.

ಗೌಡಾದ_ಗೌಡ (ನೆದರ್ಲೆಂಡ್ಸ್)

ಹೆಸರು ನೋಡಿ ನಗಬೇಡಿ, ಊರಿನ ಹೆಸರೇ ಗೌಡಾ, ನಾನು ಗೌಡ. ಇಲ್ಲಿಯವರು ಖೌಡಾ ಅಂತ ಗಂಟಲು ಕೆರೆದುಕೊಂಡು ಹೇಳುತ್ತಾರೆ.

ದಿನನಿತ್ಯದ ಉಪಯೋಗ ಕೇಳಿದಿರಲ್ಲ, ನನ್ನದು ಹೇಳುತ್ತೇನೆ. ಈ ಊರು ಕುಸಿಯುತ್ತಿದೆ. ಕೆಳಗೆ ಪೀಟ್ ಮಣ್ಣು, ಒದ್ದೆ ಸ್ಪಂಜ್ ಇದ್ದ ಹಾಗೆ. ನೀರು ಬಸಿದರೆ ಕುಗ್ಗುತ್ತದೆ, ಗಾಳಿ ತಾಗಿದರೆ ಕೊಳೆತು ಇನ್ನೂ ಕುಗ್ಗುತ್ತದೆ. ಮನೆ ಕೊಳ್ಳಲು ಹೋದಾಗ ಒಂದು ಮನೆಯ ಬಾಗಿಲ ಮುಂದೆ ಮೂರು ಮೆಟ್ಟಿಲು. ಅದರಲ್ಲಿ ಕೆಳಗಿನದು ಮಾತ್ರ ಹೊಸ ಇಟ್ಟಿಗೆ. ಏಜೆಂಟ್‌ಗೆ ಕೇಳಿದರೆ "ಚಂದಕ್ಕೆ" ಅಂದ. ಪಕ್ಕದ ಮನೆ ಅಜ್ಜಿ ನಿಜ ಹೇಳಿದರು. ಮನೆ ಕಂಬದ ಮೇಲೆ ನಿಂತಿದೆ, ರಸ್ತೆ ಮತ್ತು ಅಂಗಳ ಕೆಳಗೆ ಇಳಿಯುತ್ತಿದೆ, ಕೆಲವು ವರ್ಷಕ್ಕೊಮ್ಮೆ ಒಂದು ಮೆಟ್ಟಿಲು ಸೇರಿಸಲೇಬೇಕು, ಅಂಗಳಕ್ಕೆ ಮರಳು ಹಾಕಿಸಲೇಬೇಕು ಅಂತ.

ಆಮೇಲೆ ಆಫೀಸಿನ ಗೆಳೆಯನೊಬ್ಬ ಯೂರೋಪಿಯನ್ ಗ್ರೌಂಡ್ ಮೋಶನ್ ಸರ್ವಿಸ್ ನಕ್ಷೆ ತೋರಿಸಿದ. 2022ರಿಂದ ಎಲ್ಲರಿಗೂ ಪುಕ್ಕಟೆ. ಊರಿನ ಮೇಲೆಲ್ಲ ಬಣ್ಣದ ಚುಕ್ಕಿ. ಹಸಿರು ಅಂದರೆ ಗಟ್ಟಿ, ಹಳದಿ ಕೆಂಪು ಅಂದರೆ ಇಳಿಯುತ್ತಿದೆ. ಚುಕ್ಕಿ ಒತ್ತಿದರೆ ವರ್ಷಕ್ಕೆ ಎಷ್ಟು ಮಿಲಿಮೀಟರ್ ಅಂತ ಗ್ರಾಫ್ ಬರುತ್ತದೆ. ಮಿಲಿಮೀಟರ್ ರೀ! ನಾವು ನೋಡಿದ ನಾಲ್ಕು ಮನೆಗಳಲ್ಲಿ ಎರಡನ್ನು ಆ ನಕ್ಷೆ ನೋಡಿಯೇ ಬಿಟ್ಟೆವು.

ಸುಮ್ನೆ_ಶೆಟ್ಟಿ

ಒಂದು ನಿಮಿಷ. ಪಾಟೀಲರು 10 ಮೀಟರ್ ಚೌಕ, ಹೊಂಡ ಕಾಣುವುದಿಲ್ಲ ಅಂದರು. ಗೌಡರು ಮಿಲಿಮೀಟರ್ ಅನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ರೈಲು ಬಿಡುತ್ತಿದ್ದೀರಿ.

ಚೌಕುಳಿ_ಪಾಟೀಲ

ಇಬ್ಬರೂ ಬಿಡುತ್ತಿಲ್ಲ ಶೆಟ್ರೇ. ಗೌಡರದ್ದು ಬೇರೆ ಉಪಗ್ರಹ, ಸೆಂಟಿನೆಲ್-1. ಅದಕ್ಕೆ ಕ್ಯಾಮೆರಾ ಇಲ್ಲ, ರೇಡಾರ್ ಇದೆ. ತಾನೇ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಹಿಡಿಯುತ್ತದೆ. ರಾತ್ರಿಯಾದರೇನು, ಮೋಡ ಇದ್ದರೇನು. ಅಲೆಯ ಉದ್ದ ಐದೂವರೆ ಸೆಂಟಿಮೀಟರ್ ಚಿಲ್ಲರೆ. ಇವತ್ತು ಒಂದು ಛಾವಣಿಗೆ ತಾಗಿ ಬಂದ ಅಲೆಯನ್ನೂ ಕೆಲವು ದಿನ ಬಿಟ್ಟು ಅದೇ ಛಾವಣಿಗೆ ತಾಗಿ ಬಂದ ಅಲೆಯನ್ನೂ ಪಕ್ಕಪಕ್ಕ ಇಟ್ಟರೆ, ಅಲೆ ಯಾವ ಹಂತದಲ್ಲಿ ವಾಪಸ್ ಬಂತು ಎಂಬುದರಲ್ಲಿ ವ್ಯತ್ಯಾಸ ಕಾಣುತ್ತದೆ. ನೂರಾರು ಚಿತ್ರ ಸೇರಿಸಿ ಲೆಕ್ಕ ಹಾಕಿದರೆ ಮಿಲಿಮೀಟರ್ ಬರುತ್ತದೆ. ಅದು ವಸ್ತುವಿನ ಆಕಾರ ನೋಡುವುದಲ್ಲ, ದೂರ ಅಳೆಯುವುದು. ಛಾವಣಿ, ಸೇತುವೆ, ರೈಲು ಹಳಿಯಂಥ ಗಟ್ಟಿ ವಸ್ತು ಬೇಕು. ಅಜ್ಜನ ಹುಲ್ಲಿನ ಮೇಲೆ ಇದು ನಡೆಯುವುದಿಲ್ಲ.

ಆದರೆ ತಮಾಷೆ ಕೇಳಿ. ಉದ್ದ ಹುಲ್ಲು ಗಾಳಿಗೆ ಅಲ್ಲಾಡುವುದರಿಂದ ಎರಡು ಚಿತ್ರಗಳ ಅಲೆ ಹೊಂದುವುದಿಲ್ಲ. ಕೊಯ್ದು ಮೋಟು ಮಾಡಿದ ಮೇಲೆ ಸ್ವಲ್ಪ ಹೊಂದುತ್ತದೆ. ಅದನ್ನು ಹಿಡಿದುಕೊಂಡೇ ಮೋಡದ ವಾರದಲ್ಲೂ ಕೊಯ್ಲು ಪತ್ತೆ ಮಾಡುತ್ತಾರೆ. ಸೆಂಟಿನೆಲ್-1ರಲ್ಲೂ ಎರಡು ಇದ್ದವು. ಒಂದು 2021ರ ಡಿಸೆಂಬರ್ 23ರಂದು ಕರೆಂಟ್ ತೊಂದರೆಯಿಂದ ಕೆಟ್ಟುಹೋಯಿತು. ಆರು ದಿನಕ್ಕೊಮ್ಮೆ ಸಿಗುತ್ತಿದ್ದ ಚಿತ್ರ ಹನ್ನೆರಡು ದಿನಕ್ಕೊಮ್ಮೆ ಆಯಿತು. ಬದಲಿ ಉಪಗ್ರಹ ಮೇಲೆ ಹೋದದ್ದು 2024ರ ಡಿಸೆಂಬರ್‌ನಲ್ಲಿ. ಆ ಮೂರು ವರ್ಷ ನಮ್ಮ ವಿಭಾಗದಲ್ಲಿ ಯಾರೂ ನೆಮ್ಮದಿಯಾಗಿ ಪ್ರಬಂಧ ಮುಗಿಸಲಿಲ್ಲ.

ಬಾನ್_ಭಾರತಿ

ಹುಲ್ಲು, ಛಾವಣಿ ಎಲ್ಲ ಸರಿ. ನನಗೆ ಈ ವಿಷಯ ಬಂದರೆ ನೆನಪಾಗುವುದೇ ಬೇರೆ.

2021ರ ಜುಲೈ 14ರ ರಾತ್ರಿ ಇಲ್ಲಿ ಜರ್ಮನಿಯಲ್ಲಿ ಆರ್ ಎಂಬ ನದಿಯ ಕಣಿವೆಯಲ್ಲಿ ನೆರೆ ಬಂತು. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಆ ಒಂದು ಕಣಿವೆಯಲ್ಲೇ 130ಕ್ಕೂ ಹೆಚ್ಚು ಜನ ಸತ್ತರು. ಎರಡು ವಾರ ಬಿಟ್ಟು ಸಲಿಕೆ ಹಿಡಿದುಕೊಂಡು ಕೆಸರು ಎತ್ತಲು ಹೋಗಿದ್ದೆ. ಹೀಟಿಂಗ್ ಆಯಿಲ್ ಟ್ಯಾಂಕ್‌ಗಳು ಒಡೆದು ಕೆಸರಿಗೆಲ್ಲ ಡೀಸೆಲ್ ವಾಸನೆ. ಒಂದು ಮನೆಯಲ್ಲಿ ನೀರಿನ ಗೆರೆ ಮಹಡಿ ಮೇಲಿನ ಕಿಟಕಿಯ ಹತ್ತಿರ ಇತ್ತು. ಆ ಮನೆಯ ಹೆಂಗಸು ಕೆಸರು ಮೆತ್ತಿದ ವೈನ್ ಬಾಟಲಿಗಳನ್ನು ಒಂದೊಂದಾಗಿ ತೊಳೆಯುತ್ತಾ ಕೂತಿದ್ದರು. ಮಾತಿಲ್ಲ, ಕತೆಯಿಲ್ಲ.

ಆಮೇಲೆ ಓದಿದೆ. ಯೂರೋಪಿನ ನೆರೆ ಮುನ್ಸೂಚನೆ ವ್ಯವಸ್ಥೆ ಜುಲೈ 10ರಿಂದಲೇ ಎಚ್ಚರಿಕೆ ಕಳಿಸಲು ಶುರು ಮಾಡಿತ್ತಂತೆ. 14ರ ಹೊತ್ತಿಗೆ ರೈನ್ ಮತ್ತು ಮ್ಯೂಸ್ ನದಿಗಳ ಪ್ರದೇಶಕ್ಕೆ 25ಕ್ಕೂ ಹೆಚ್ಚು ಎಚ್ಚರಿಕೆ. ಹಾಗಾದರೆ ಜನ ಮನೆಯಲ್ಲೇ ಯಾಕೆ ಮಲಗಿದ್ದರು? ಅಜ್ಜನ ಹುಲ್ಲಿನ ಮೆಸೇಜ್ ಮೊಬೈಲ್‌ಗೆ ಬರುತ್ತದೆ. ಇದು ಯಾಕೆ ಬರಲಿಲ್ಲ?

ನೇರನುಡಿ

ಭಾರತಿಯವರು ಸರಿಯಾಗಿ ಕೇಳಿದರು. ದುಡ್ಡು ವಸೂಲಿ ವಿಷಯವಾದರೆ ಒಂದೊಂದು ಹುಲ್ಲಿನ ಎಸಳೂ ಕಾಣುತ್ತದೆ.

ಚೌಕುಳಿ_ಪಾಟೀಲ

ಭಾರತಿ ಮೇಡಂ, ಇದರಲ್ಲಿ ಎರಡು ಮೂರು ವಿಷಯ ಇವೆ. ಆ ವ್ಯವಸ್ಥೆಯ ಎಚ್ಚರಿಕೆ ಹೋಗುವುದು ಆಯಾ ದೇಶದ ನೆರೆ ಮುನ್ಸೂಚನೆ ಆಫೀಸುಗಳಿಗೆ, ಜನರ ಮೊಬೈಲ್‌ಗೆ ಅಲ್ಲ. ಅದು ಲೆಕ್ಕ ಹಾಕುವುದು ಮುಖ್ಯವಾಗಿ ದೊಡ್ಡ ನದಿಗಳದ್ದು. ಆರ್ ಸಣ್ಣ ನದಿ. ಕಡಿದಾದ ಕಣಿವೆ, ನೀರು ಗಂಟೆಗಳಲ್ಲಿ ಏರಿತು. ಅಲ್ಟೆನಾರ್ ಊರಿನಲ್ಲಿ ಅಲ್ಲಿಯವರೆಗಿನ ದಾಖಲೆ 2016ರ 3.71 ಮೀಟರ್. ಆ ರಾತ್ರಿ ನೀರು ಅದನ್ನು ಎಷ್ಟೋ ಮೀರಿ, ಅಳೆಯುವ ಉಪಕರಣವನ್ನೇ ಕೊಚ್ಚಿಕೊಂಡು ಹೋಯಿತು.

ನೆರೆ ಬಂದ ಮೇಲೆ ಎಲ್ಲಿವರೆಗೆ ನೀರಿದೆ ಅಂತ ನಕ್ಷೆ ಮಾಡಲು ರೇಡಾರ್ ಒಳ್ಳೆಯದು. ನಿಂತ ನೀರು ಅಲೆಯನ್ನು ಆಚೆ ಜಾರಿಸಿಬಿಡುತ್ತದೆ, ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಆದರೆ ನೀರು ಇರುವ ಹೊತ್ತಿಗೆ ಉಪಗ್ರಹ ಮೇಲೆ ಇರಬೇಕಲ್ಲ. ಕೆಲವೇ ಗಂಟೆ ಇದ್ದು ಹೋಗುವ ನೆರೆಯನ್ನು ಹಿಡಿಯುವುದು ಅದೃಷ್ಟ.

ಬಾನ್_ಭಾರತಿ

ಪಾಟೀಲರೇ, ತಾಂತ್ರಿಕ ವಿವರಣೆ ಸರಿ, ಒಪ್ಪಿದೆ. ಆದರೆ ನಾನು ಕೇಳಿದ್ದು ಉಪಗ್ರಹವನ್ನಲ್ಲ. ಒಂದು ಪ್ರದೇಶದ ಎಲ್ಲ ಮೊಬೈಲ್‌ಗೂ ಒಟ್ಟಿಗೆ ಗಂಟೆ ಬಾರಿಸುವ ವ್ಯವಸ್ಥೆ ಜರ್ಮನಿಯಲ್ಲಿ ಶುರುವಾದದ್ದು 2023ರ ಫೆಬ್ರುವರಿಯಲ್ಲಿ. ಅಂದರೆ ನೆರೆ ಹೋದ ಮೇಲೆ. ಅದಕ್ಕೆ ಉಪಗ್ರಹ ಬೇಕಾಗಿರಲಿಲ್ಲ, ಮೊಬೈಲ್ ಟವರ್ ಸಾಕಿತ್ತು.

ವಲೆನ್ಸಿಯಾದ_ವೀಣಾ

ಆ ವ್ಯವಸ್ಥೆ ಇದ್ದರೂ ಸಾಲದು ಭಾರತಿ ಅಕ್ಕ. ಇಲ್ಲಿ ಸ್ಪೇನ್‌ನಲ್ಲಿ 2024ರ ಅಕ್ಟೋಬರ್ 29ರ ನೆರೆಯ ದಿನ ಹವಾಮಾನ ಇಲಾಖೆ ಬೆಳಿಗ್ಗೆಯೇ ಕೆಂಪು ಎಚ್ಚರಿಕೆ ಕೊಟ್ಟಿತ್ತು. ನಮ್ಮ ಮೊಬೈಲ್ ಕಿರುಚಿದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಅಷ್ಟೊತ್ತಿಗೆ ಎಷ್ಟೋ ಊರುಗಳಲ್ಲಿ ಕಾರುಗಳು ತೇಲುತ್ತಿದ್ದವು. 220ಕ್ಕೂ ಹೆಚ್ಚು ಜನ ಹೋದರು. ಆ ಸದ್ದು ಈಗ ಕೇಳಿದರೂ ನನ್ನ ಮಗಳು ಬಂದು ಅಪ್ಪಿಕೊಳ್ಳುತ್ತಾಳೆ.

ಬೇಣದ_ಮಾಣಿ

ಇದನ್ನು ಓದಿ ಒಂದು ಗಂಟೆ ಏನೂ ಬರೆಯಲು ತೋಚಲಿಲ್ಲ.

ಹಡಗಿನವ_ಕಾರವಾರ

ನಾನು ಇಪ್ಪತ್ತೆರಡು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವ. ರೇಡಾರ್ ವಿಷಯ ಬಂತಲ್ಲ, ಒಂದು ಮಾತು.

ಹಿಂದೆ ಕೆಲವು ಹಡಗಿನವರು ಎಂಜಿನ್ ಅಡಿ ಸೇರುವ ಎಣ್ಣೆನೀರನ್ನು ರಾತ್ರಿ ಹೊತ್ತು ಸಮುದ್ರಕ್ಕೆ ಬಿಡುತ್ತಿದ್ದರು. ಕತ್ತಲಲ್ಲಿ ಯಾರು ನೋಡುತ್ತಾರೆ ಅಂತ. 2007ರಿಂದ ಯೂರೋಪಿನ ನೀರಿನಲ್ಲಿ ಕ್ಲೀನ್‌ಸೀನೆಟ್ ಅಂತ ವ್ಯವಸ್ಥೆ ಇದೆ, ಲಿಸ್ಬನ್‌ನಿಂದ ನಡೆಸುತ್ತಾರೆ. ನೀರಿನ ಮೇಲೆ ಎಣ್ಣೆ ಹರಡಿದರೆ ಸಣ್ಣ ಅಲೆಗಳು ಅಡಗುತ್ತವೆ. ರೇಡಾರ್‌ಗೆ ಆ ಜಾಗ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಪಟ್ಟಿಯ ತುದಿಯಲ್ಲಿ ಬಿಳಿ ಚುಕ್ಕಿ ಇದ್ದರೆ ಅದೇ ಹಡಗು. ಹಡಗಿನ ಹೆಸರು ಎಐಎಸ್ ಸಿಗ್ನಲ್‌ನಿಂದ ಸಿಗುತ್ತದೆ, ಹಡಗು ತಾನು ಯಾರು, ಎಲ್ಲಿದ್ದೇನೆ ಅಂತ ಸಾರುವ ಸಿಗ್ನಲ್ ಅದು. ಕಳ್ಳ ಹೆಜ್ಜೆಗುರುತು ಬಿಟ್ಟು, ಕೊನೆಗೆ ಅಲ್ಲೇ ನಿಂತು ಕೈ ಬೀಸಿದ ಹಾಗೆ.

ನಮ್ಮ ಚೀಫ್ ಎಂಜಿನಿಯರ್ ಬಾಲ್ಟಿಕ್‌ಗೆ ಹೊಕ್ಕ ಕೂಡಲೇ ವಾಲ್ವ್‌ಗಳಿಗೆ ತಾವೇ ಸೀಲ್ ಹಾಕಿ, ಸೀಲ್ ನಂಬರನ್ನು ಪುಸ್ತಕದಲ್ಲಿ ಬರೆಸುತ್ತಿದ್ದರು. ಹೆದರಿಕೆ ಅಂದರೆ ಹಾಗೆ. ಗಾಳಿ ಇಲ್ಲದ ದಿನ ನೀರೇ ನುಣ್ಣಗೆ ಇರುತ್ತದೆ, ಪಾಚಿ ಬೆಳೆದರೂ ಹಾಗೇ ಕಾಣುತ್ತದೆ. ಅದಕ್ಕೇ ಆಮೇಲೆ ವಿಮಾನವೋ ದೋಣಿಯೋ ಕಳಿಸಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಸೀನುವ_ಸೀನ (ವಿಯೆನ್ನಾ)

ನನ್ನ ದಿನನಿತ್ಯದ ಉಪಯೋಗ: ಪರಾಗ. ಏಪ್ರಿಲ್ ಬಂತೆಂದರೆ ಬರ್ಚ್ ಮರದ ಪುಡಿಗೆ ದಿನಕ್ಕೆ ನಲವತ್ತು ಸೀನು. ಕೋಪರ್ನಿಕಸ್ ಪರಾಗ ಮುನ್ಸೂಚನೆ ನೋಡಿ ಮಾತ್ರೆ ನುಂಗಿಯೇ ಹೊರಗೆ ಕಾಲಿಡುವುದು. ಉಪಗ್ರಹಕ್ಕೆ ಜೈ.

ಚೌಕುಳಿ_ಪಾಟೀಲ

ಸೀನಣ್ಣ, ನಿಮ್ಮ ಖುಷಿ ಹಾಳು ಮಾಡಲು ಮನಸ್ಸಿಲ್ಲ. ಉಪಗ್ರಹಕ್ಕೆ ಪರಾಗ ಕಾಣುವುದಿಲ್ಲ. ಗಾಳಿ ಎತ್ತ ಬೀಸುತ್ತದೆ, ಎಷ್ಟು ಬಿಸಿಲು, ಎಲ್ಲಿ ಎಷ್ಟು ಮರ ಇವೆ ಅಂತ ಕಂಪ್ಯೂಟರ್‌ಗೆ ಹಾಕಿ ಲೆಕ್ಕ ತೆಗೆಯುತ್ತಾರೆ. ಸಹಾರಾ ಧೂಳು ಮಾತ್ರ ಚೆನ್ನಾಗಿ ಕಾಣುತ್ತದೆ. 2022ರ ಮಾರ್ಚ್‌ನಲ್ಲಿ ಸ್ಪೇನ್ ಆಕಾಶ ಕಿತ್ತಳೆ ಬಣ್ಣ ಆಗಿತ್ತಲ್ಲ, ಅದು ಅದೇ ಧೂಳು.

ಗೌಡಾದ_ಗೌಡ

ಹಾಗಾದರೆ ನಾವು ಸೈಕಲ್ ಹತ್ತುವ ಮೊದಲು ನೋಡುವ ಮಳೆ ಆ್ಯಪ್? ಅದಂತೂ ಉಪಗ್ರಹವೇ ತಾನೇ? ಐದು ನಿಮಿಷಕ್ಕೊಮ್ಮೆ ಹೇಳುತ್ತದೆ.

ಚೌಕುಳಿ_ಪಾಟೀಲ

ಮುಂದಿನ ಎರಡು ಗಂಟೆಯ ಮಳೆ ನೆಲದ ಮೇಲಿನ ರೇಡಾರ್‌ನಿಂದ ಬರುತ್ತದೆ. ನಾಳೆ ನಾಡಿದ್ದಿನ ಹವೆ ಹೇಳಲು ಉಪಗ್ರಹ ಬೇಕೇ ಬೇಕು. ಮೀಟಿಯೋಸ್ಯಾಟ್ ಎಂಬ ಹವಾಮಾನ ಉಪಗ್ರಹ ಸುಮಾರು 36,000 ಕಿ.ಮೀ. ಮೇಲೆ ಒಂದೇ ಕಡೆ ನಿಂತಂತೆ ಇದ್ದು ದಿನವಿಡೀ ಯೂರೋಪನ್ನೇ ನೋಡುತ್ತಿರುತ್ತದೆ. 1977ರಿಂದ ಒಂದರ ಹಿಂದೆ ಒಂದು ಹಾರಿಸುತ್ತಾ ಬಂದಿದ್ದಾರೆ.

ಸುಮ್ನೆ_ಶೆಟ್ಟಿ

ಪಾಟೀಲರ ಹತ್ತಿರ ಏನು ಕೇಳಿದರೂ "ಅದು ಉಪಗ್ರಹ ಅಲ್ಲ" ಅನ್ನುತ್ತಾರೆ. ನಿಮ್ಮ ಸಂಬಳ ಯಾರು ಕೊಡುವುದು ಸ್ವಾಮಿ?

ಸ್ಟುಟ್‌ಗಾರ್ಟ್_ಸುಧಾ

ನಗು ತಡೆಯಲು ಆಗಲಿಲ್ಲ. ಉಪಗ್ರಹದಿಂದ ಮಾನ ಹೋದ ಕತೆ ನನ್ನದು. ಬಾಡಿಗೆ ಕಾರು ತೆಗೆದುಕೊಂಡು ಬ್ಲ್ಯಾಕ್ ಫಾರೆಸ್ಟ್‌ಗೆ ಹೋಗಿದ್ದೆವು. ಅತ್ತೆ ಮುಂದಿನ ಸೀಟಿನಲ್ಲಿ ಕೂತಿದ್ದರು. ಮೇಲೆ ಒಂದು ಮುಚ್ಚಳ, ಅದರ ಕೆಳಗೆ ಕೆಂಪು ಬಟನ್. "ಇದು ಲೈಟಾ?" ಅಂತ ಒತ್ತಿಯೇ ಬಿಟ್ಟರು. ಕಾರೇ ಜರ್ಮನ್‌ನಲ್ಲಿ ಮಾತಾಡಲು ಶುರು ಮಾಡಿತು! 112ರವರು. ಯಾರಿಗಾದರೂ ಏಟಾಗಿದೆಯಾ ಅಂತ ಕೇಳುತ್ತಿದ್ದಾರೆ. ಅತ್ತೆ ಗಾಬರಿಯಾಗಿ ಕೈ ಮುಗಿದು "ಇಲ್ಲಪ್ಪಾ, ನಾವು ಚೆನ್ನಾಗಿದ್ದೇವೆ" ಅಂತ ಕನ್ನಡದಲ್ಲಿ ಹೇಳುತ್ತಿದ್ದರು. ನಾವು ಯಾವ ರಸ್ತೆಯಲ್ಲಿ, ಯಾವ ದಿಕ್ಕಿಗೆ ಹೋಗುತ್ತಿದ್ದೇವೆ ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಚೌಕುಳಿ_ಪಾಟೀಲ

ಅದು ಇ-ಕಾಲ್. 2018ರ ಮಾರ್ಚ್ 31ರ ನಂತರ ಒಪ್ಪಿಗೆ ಪಡೆದ ಹೊಸ ಮಾದರಿ ಕಾರುಗಳಲ್ಲಿ ಕಡ್ಡಾಯ. ಜೋರಾಗಿ ಡಿಕ್ಕಿಯಾದರೆ ತಾನೇ ಕರೆ ಮಾಡುತ್ತದೆ. ಶೆಟ್ರು ಬೈದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ. ಕರೆ ಹೋಗುವುದು ಮೊಬೈಲ್ ಟವರ್ ಮೂಲಕ. ಎಲ್ಲಿದ್ದೀರಿ ಅನ್ನುವುದು ಮಾತ್ರ ಉಪಗ್ರಹದ್ದು, ಜಿಪಿಎಸ್ ಮತ್ತು ಅದರಂಥದ್ದೇ ಯೂರೋಪಿನ ಗೆಲಿಲಿಯೋ.

ದೇಸಿ_ದೇವು

ಗೆಲಿಲಿಯೋ ಗಿಲಿಲಿಯೋ ಎಲ್ಲ ಯಾಕೆ? ಜಿಪಿಎಸ್ ಇತ್ತಲ್ಲ. ಸುಮ್ನೆ ದುಡ್ಡು ಖರ್ಚು. 2019ರಲ್ಲಿ ಒಂದು ವಾರ ಪೂರ್ತಿ ಕೆಟ್ಟು ಕೂತಿತ್ತಂತೆ, ಯಾರಿಗೂ ಗೊತ್ತೇ ಆಗಲಿಲ್ಲ! ನಮ್ಮ ಇಸ್ರೋ ಆಗಿದ್ದರೆ ಅರ್ಧ ದುಡ್ಡಿಗೆ ಮಾಡುತ್ತಿತ್ತು.

ಹೆಲ್ಸಿಂಕಿ_ಹನುಮ

ಜಿಪಿಎಸ್ ಅಮೆರಿಕದ ಸೇನೆಯದ್ದು ದೇವು. ಬೇರೆಯವರ ಬಾವಿಯಿಂದ ಎಷ್ಟು ದಿನ ನೀರು ಸೇದುವುದು? ಭಾರತದಲ್ಲಿ ನಾವೂ ನಾವಿಕ್ ಅಂತ ನಮ್ಮದೇ ವ್ಯವಸ್ಥೆ ಮಾಡಿಕೊಂಡದ್ದು ಅದಕ್ಕೇ ಅಲ್ವಾ. 2019ರ ಜುಲೈನಲ್ಲಿ ಕೆಟ್ಟದ್ದು ನಿಜ. ನೆಲದ ಮೇಲಿನ ವ್ಯವಸ್ಥೆಯ ತೊಂದರೆ, ಮೇಲಿದ್ದ ಉಪಗ್ರಹಗಳದ್ದಲ್ಲ. ಮೊಬೈಲ್ ಎರಡು ಮೂರು ವ್ಯವಸ್ಥೆಗಳ ಸಿಗ್ನಲ್ ಒಟ್ಟಿಗೆ ಹಿಡಿಯುವುದರಿಂದ ಯಾರಿಗೂ ಗೊತ್ತಾಗಲಿಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತಲೇ ಮಾಡುವುದು.

ಇಲ್ಲಿ ನಮಗೆ ಇದರ ಬಿಸಿ ತಾಗಿದೆ. ಬಾಲ್ಟಿಕ್ ಸುತ್ತ ಸಿಗ್ನಲ್ ಕೆಡಿಸುವ ಹಾವಳಿ. 2024ರ ಏಪ್ರಿಲ್‌ನಲ್ಲಿ ಫಿನ್‌ಏರ್‌ನ ಎರಡು ವಿಮಾನ ಎಸ್ಟೋನಿಯಾದ ಟಾರ್ಟುವಿನಲ್ಲಿ ಇಳಿಯಲಾಗದೆ ಹೆಲ್ಸಿಂಕಿಗೆ ವಾಪಸ್ ಬಂದವು. ಆಮೇಲೆ ಒಂದು ತಿಂಗಳು ಆ ದಾರಿಯೇ ಬಂದ್. ಗೆಲಿಲಿಯೋ ಉಪಗ್ರಹ ಇರುವುದು 23,222 ಕಿ.ಮೀ. ಮೇಲೆ. ಅಲ್ಲಿಂದ ಬರುವ ಸಿಗ್ನಲ್ ಪಿಸುಮಾತಿನ ಹಾಗೆ. ಪಕ್ಕದಲ್ಲಿ ಯಾರಾದರೂ ತಮಟೆ ಬಾರಿಸಿದರೆ ಕೇಳುವುದು ಹೇಗೆ?

ಲೆಕ್ಕದ_ಲಕ್ಷ್ಮಿ

ದುಡ್ಡಿನ ವಿಷಯ ಬಂತಲ್ಲ, ಲೆಕ್ಕ ಹಾಕಿಬಿಡೋಣ. ಯೂರೋಪಿಯನ್ ಒಕ್ಕೂಟದ ಬಾಹ್ಯಾಕಾಶ ಬಜೆಟ್ 2021ರಿಂದ 2027ಕ್ಕೆ 14.88 ಬಿಲಿಯನ್ ಯೂರೋ. ಏಳು ವರ್ಷ, ಸುಮಾರು 45 ಕೋಟಿ ಜನ. ತಲೆಗೆ ವರ್ಷಕ್ಕೆ ಐದು ಯೂರೋ ಒಳಗೇ ಬಂತು.

ದೇಸಿ_ದೇವು

ಯೂರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎ ದುಡ್ಡು ಇದರಲ್ಲೇ ಸೇರಿದೆಯಾ?

ಲೆಕ್ಕದ_ಲಕ್ಷ್ಮಿ

ಇಲ್ಲ. ಇಎಸ್‌ಎ ಬೇರೆ, ಒಕ್ಕೂಟ ಬೇರೆ. ಒಕ್ಕೂಟದಲ್ಲಿ ಇಲ್ಲದ ಸ್ವಿಟ್ಜರ್‌ಲೆಂಡ್, ನಾರ್ವೆ, ಬ್ರಿಟನ್ ಕೂಡ ಇಎಸ್‌ಎಯಲ್ಲಿವೆ. ದುಡ್ಡು ಕೊಟ್ಟು ಮನೆ ಕಟ್ಟಿಸುವವರು ಒಕ್ಕೂಟದವರು, ಮೇಸ್ತ್ರಿ ಇಎಸ್‌ಎ ಅಂದುಕೊಳ್ಳಿ. ಮೇಸ್ತ್ರಿ ತನ್ನ ಸ್ವಂತ ಕೆಲಸಕ್ಕೆ ಬೇರೆ ಚೀಟಿ ಎತ್ತುತ್ತಾನೆ. ಇಸ್ರೋ ಜಗಳ ಬೇಡ. ಇಎಸ್‌ಎಯ ಪ್ರೋಬಾ-1 ಉಪಗ್ರಹ 2001ರಲ್ಲಿ ಹಾರಿದ್ದು ನಮ್ಮ ಪಿಎಸ್‌ಎಲ್‌ವಿಯಲ್ಲಿ, ಶ್ರೀಹರಿಕೋಟಾದಿಂದ. ಎರಡು ವರ್ಷಕ್ಕೆ ಅಂತ ಕಳಿಸಿದ್ದು ಇಪ್ಪತ್ತು ವರ್ಷ ದಾಟಿಸಿತು. ಪ್ರೋಬಾ-3 ಕೂಡ 2024ರ ಡಿಸೆಂಬರ್‌ನಲ್ಲಿ ನಮ್ಮಲ್ಲಿಂದಲೇ ಹೋಯಿತು.

ದೇಸಿ_ದೇವು

ಅದನ್ನೇ ಅಲ್ವಾ ನಾನು ಹೇಳಿದ್ದು, ನಮ್ಮದೇ ಗಟ್ಟಿ.

ವೇದಿಕೆ_ನಿರ್ವಾಹಕ

ಇಸ್ರೋ ಮೇಲಾ ಇಎಸ್‌ಎ ಮೇಲಾ ಎಂಬ ಚರ್ಚೆಗೆ ಬೇರೆ ಎಳೆ ಇದೆ, 214 ಉತ್ತರ ಆಗಿದೆ. ದಯವಿಟ್ಟು ಅಲ್ಲಿಗೆ ಹೋಗಿ.

ಹಾವೇರಿ_ರೈತ

ನಮಸ್ಕಾರ. ನಾನು ಹಳ್ಳಿಯವನು, ಮೆಕ್ಕೆಜೋಳ ಮತ್ತು ಹತ್ತಿ. ಜರ್ಮನಿ ಅಜ್ಜನ ಕತೆ ಓದಿ ಸಮಾಧಾನ ಆಯಿತು. ನಮ್ಮಲ್ಲೂ ಬೆಳೆ ಸಮೀಕ್ಷೆ ಆ್ಯಪ್ ಇದೆ. ಸರ್ವೆ ನಂಬರಿನ ಒಳಗೆ ನಿಂತೇ ಫೋಟೋ ತೆಗೆಯಬೇಕು. ಹೋದ ವರ್ಷ ನಾನು ಬದುವಿನ ಮೇಲೆ ನಿಂತಿದ್ದೆ, ಪಕ್ಕದವರ ಹೊಲದಲ್ಲಿದ್ದೀರಿ ಅಂತ ತೋರಿಸಿತು. ನಾಲ್ಕು ಹೆಜ್ಜೆ ಒಳಗೆ ಹೋದ ಮೇಲೆ ಸರಿಯಾಯಿತು. ಈ ಯೂರೋಪಿನ ಚಿತ್ರ ನಮ್ಮ ಹೊಲದ್ದೂ ಇರುತ್ತದಾ? ದುಡ್ಡು ಕೊಡಬೇಕಾ?

ಚೌಕುಳಿ_ಪಾಟೀಲ

ಇರುತ್ತದೆ ಸರ್, ಒಂದು ಪೈಸೆಯೂ ಬೇಡ. ಸೆಂಟಿನೆಲ್ ಚಿತ್ರ ಜಗತ್ತಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕೋಪರ್ನಿಕಸ್ ಬ್ರೌಸರ್ ಅಂತ ಹುಡುಕಿ, ಮೊಬೈಲ್‌ನಲ್ಲೂ ತೆರೆಯುತ್ತದೆ. ಇಸ್ರೋ ಜೊತೆಗೂ 2018ರಲ್ಲಿ ಚಿತ್ರ ಹಂಚಿಕೊಳ್ಳುವ ಒಪ್ಪಂದ ಆಗಿದೆ. ಮುಂಗಾರಿನಲ್ಲಿ ನೋಡಬೇಡಿ, ಜುಲೈ ಆಗಸ್ಟ್‌ನಲ್ಲಿ ಬರೀ ಬಿಳಿ ಮೋಡ ಕಾಣುತ್ತದೆ. ನವೆಂಬರ್‌ನಲ್ಲಿ ನೋಡಿ, ನಿಮ್ಮ ಹೊಲದ ಒಂದೊಂದು ಪಟ್ಟಿಯೂ ಗೊತ್ತಾಗುತ್ತದೆ. ನಾನು ಧಾರವಾಡದ ನಮ್ಮ ಹೊಲ ನೋಡಿ, ಕಡಲೆ ಒಂದು ಮೂಲೆಯಲ್ಲಿ ಒಣಗಿದ್ದನ್ನು ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಅಲ್ಲಿ ಕೂತು ಅದನ್ನೇ ನೋಡುತ್ತಿರು, ಇಲ್ಲಿ ಬಂದು ನೀರು ಹಾಯಿಸಬೇಡ" ಅಂದರು.

ಬೇಣದ_ಮಾಣಿ

ಅಪ್‌ಡೇಟ್. ಅಜ್ಜನಿಗೆ ಚೌಕುಳಿ ಟವೆಲ್ ಕತೆಯನ್ನು ನನ್ನ ಹರುಕುಮುರುಕು ಜರ್ಮನ್‌ನಲ್ಲಿ ಹೇಳಿದೆ. ಅಡುಗೆಮನೆಯ ಟೇಬಲ್ ಕ್ಲಾತ್ ಚೌಕುಳಿಯದ್ದೇ ಇತ್ತು, ಅದರ ಮೇಲೆ ಬೆಂಕಿಕಡ್ಡಿ ಇಟ್ಟು ಹಳ್ಳ ಮಾಡಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಅಂದರೆ ಅದಕ್ಕೆ ನನ್ನಷ್ಟೂ ಕಣ್ಣು ಕಾಣುವುದಿಲ್ಲ" ಅಂದರು. ಸಿಟ್ಟು ಇಳಿಯಿತು.

ಹೇಗೂ ಎರಡನೇ ಕೊಯ್ಲು ಬಾಕಿ ಇತ್ತು. ಶನಿವಾರ ಇಬ್ಬರೂ ಸೇರಿ ಮುಗಿಸಿದೆವು. ಕೊಯ್ದ ಸಾಲುಗಳ ನಡುವೆ ನಿಂತು ಆ್ಯಪ್‌ನಲ್ಲಿ ಫೋಟೋ. ಮರದ ಕೆಳಗೆ ಸಿಗ್ನಲ್ ಕುಣಿಯುತ್ತಿತ್ತು, ಬಯಲಿಗೆ ಬಂದ ಮೇಲೆ ನೆಟ್ಟಗೆ ನಿಂತಿತು. ನಿನ್ನೆ ಆ್ಯಪ್‌ನಲ್ಲಿ ಆ ತುಂಡಿನ ಮೇಲಿದ್ದ ಹಳದಿ ಗುರುತು ಹೋಗಿ ಹಸಿರು ಬಂದಿದೆ.

ಈಗ ಅಜ್ಜನದ್ದು ಹೊಸ ಪ್ರಶ್ನೆ. ಉಪಗ್ರಹ ಎಷ್ಟು ಗಂಟೆಗೆ ಬರುತ್ತದೆ? ಇನ್ನು ಮೇಲೆ ಅದಕ್ಕೆ ಮುಂಚೆ ಕೊಯ್ಲು ಮುಗಿಸುತ್ತಾರಂತೆ.

ಚೌಕುಳಿ_ಪಾಟೀಲ

ಸೆಂಟಿನೆಲ್-2 ಎಲ್ಲಿ ಹಾದರೂ ಅಲ್ಲಿನ ಸೂರ್ಯನ ಲೆಕ್ಕದಲ್ಲಿ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಹಾಯುತ್ತದೆ. ನಿಮ್ಮ ಬೇಸಿಗೆ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡರ ಮೇಲೆ ಹತ್ತು ಹದಿನೈದು ನಿಮಿಷ.

ಬೇಣದ_ಮಾಣಿ

ಹನ್ನೆರಡಕ್ಕೆ ಅಜ್ಜ ಊಟಕ್ಕೆ ಕೂರುತ್ತಾರೆ. ಬೆಳಿಗ್ಗೆ ಕೊಯ್ದು ಊಟ ಮಾಡಿ ಅನ್ನುತ್ತೇನೆ. ಎಲ್ಲರಿಗೂ ಧನ್ಯವಾದ, ಭಾರತಿಯವರಿಗೂ ವೀಣಾ ಅವರಿಗೂ.

ಸುಮ್ನೆ_ಶೆಟ್ಟಿ

ಪಾಟೀಲರೇ, ಇವತ್ತು ಟೇಪ್ ಹಿಡಿದು ಅಳೆದೆ. ಹೊಂಡ ಎಂಟು ಮೀಟರ್ ಆಗಿದೆ. ಇನ್ನೊಂದು ಮಳೆ ಸಾಕು.